ನೋಡುತ್ತಿದ್ದ ಹಕ್ಕಿ

ಚೀಸನ್ನು ಹೆಬ್ಬೆರಳಿನ ಉಗುರಿನಷ್ಟಕ್ಕೆ ಕತ್ತರಿಸಬೇಕು. ಅದಕ್ಕಿಂತ ದೊಡ್ಡದಾದರೆ ಕಾಗೆ ಅದನ್ನು ತಿನ್ನದೆ ಪಾಚಿಯ ಕೆಳಗೆ ಬಚ್ಚಿಡಲು ಹೋಗಿಬಿಡುತ್ತದೆ, ಹೋದದ್ದು ಅರ್ಧ ಗಂಟೆ ತಿರುಗಿ ನೋಡುವುದಿಲ್ಲ. ಚಿಕ್ಕದಾದರೆ ತನ್ನಲ್ಲಿರುವ ಬ್ರೆಡ್ಡಿನ ಚೂರನ್ನು ಬಿಟ್ಟುಕೊಟ್ಟು ಅದನ್ನು ಪಡೆಯುವ ಮನಸ್ಸು ಅದಕ್ಕೆ ಬರುವುದಿಲ್ಲ. ಇಪ್ಪತ್ತೆಂಟು ವರ್ಷದಿಂದ ಬುರ್ಗಿ ಇದೇ ಅಳತೆಯಲ್ಲಿ ಕತ್ತರಿಸುತ್ತ ಬಂದವಳು, ಕಣ್ಣು ಮುಚ್ಚಿಯೂ ಕತ್ತರಿಸಬಲ್ಲಳು. ಆದರೂ ಈ ಮಂಗಳವಾರ ಬೆಳಿಗ್ಗೆ ಚಾಕು ಎರಡು ಸಲ ಜಾರಿತು. ಎರಡನೆಯ ಸಲ ಬೆರಳಿಗೆ ತಾಕಿ ಒಂದು ಗೆರೆಯಷ್ಟು ರಕ್ತ ಬಂತು. ಅವಳು ಅದನ್ನು ಬಾಯಿಗೆ ಇಟ್ಟುಕೊಂಡು ಹಾಗೇ ನಿಂತಳು. ಬಾಯೊಳಗಿನ ಉಪ್ಪು ರುಚಿಗೆ ಯಾಕೋ ಸಂತೋಷವಾಯಿತು. ಇನ್ನು ಮೂರು ಗಂಟೆ. ಮೂರೇ ಗಂಟೆ.

"ಏನೇ, ಹಲಗೇನೂ ಸೇರಿಸಿ ಕೊಚ್ಚಿ ಹಾಕ್ತೀಯೋ ಹೇಗೆ?" ಮೇಜಿನ ಆ ತುದಿಯಲ್ಲಿ ಹಕ್ಕಿ ಸಂಶೋಧನಾ ಕೇಂದ್ರದ ಜನರ ಊಟಕ್ಕೆಂದು ಆಲೂಗೆಡ್ಡೆ ಸುಲಿಯುತ್ತಿದ್ದ ಅಡುಗೆಯ ರೇಸಿ ಕೇಳಿದಳು. ಅವಳು ಹಿಂದಿನ ದಿನವೇ ಕೂದಲಿಗೆ ಸುರುಳಿ ಹಾಕಿಸಿಕೊಂಡು ಬಂದಿದ್ದಳು. "ಟೀವಿಯವರು ಬರೋ ದಿನ ಬೆರಳು ಕುಯ್ಕೊಂಡು ನಿಂತಿದೀಯಲ್ಲ. ಆ ಏಪ್ರನ್ ಆದ್ರೂ ಬದಲಾಯಿಸು ಮಾರಾಯ್ತಿ, ಕಾಗೆಗೆ ಹಾಕೋ ಕೋಳಿಮರಿ ವಾಸನೆ ಹೊಡೀತಿದೆ."

"ಟೀವೀಲಿ ವಾಸನೆ ಬರಲ್ಲ."

"ಕಾಣೋದಾದ್ರೂ ಕಾಣತ್ತಲ್ಲ."

"ನನ್ನ ಯಾರು ತೋರಿಸ್ತಾರೆ? ಅವರಿಗೆ ಬೇಕಾಗಿರೋದು ಪ್ರೊಫೆಸರ್ರು, ಅವರ ಕೈ, ಆ ಕೈ ಹತ್ರ ಬರೋ ಕಾಗೆ ಮುಸ್ಕಾಟು. ಅಷ್ಟೆ."

ರೇಸಿ ಸುಲಿದ ಗೆಡ್ಡೆಯನ್ನು ನೀರಿಗೆ ಹಾಕಿ ಕಿಟಕಿಯ ಕಡೆ ನೋಡಿದಳು. ಆ ಕಿಟಕಿಯಿಂದ ಹಕ್ಕಿಗಳ ತಂತಿಮನೆಗಳು ನೇರ ಕಾಣುತ್ತಿದ್ದವು. ಅದರಾಚೆ ಹೊಳೆ, ಹೊಳೆಯಾಚೆ ಬೆಟ್ಟದ ಬುಡದ ಮಂಜು. "ಹೋದ ವಾರ ಬೆಳಬೆಳಿಗ್ಗೆ ಪ್ರೊಫೆಸರ್ರನ್ನ ನೋಡಿದ ಹಾಗಾಯ್ತು ಕಣೆ ನಂಗೆ, ಅಲ್ಲೇ, ತಂತಿ ಹತ್ರ," ಎಂದಳು. "ಹಸಿರು ಕೋಟು, ಎಡಗಾಲು ಎಳ್ಕೊಂಡು. ಅವರ ದೆವ್ವ ಇರಬೇಕು ಅಂದ್ಕೊಂಡೆ. ಆಮೇಲೆ ನೆನಪಾಯ್ತು, ಅವರಿನ್ನೂ ಸತ್ತೇ ಇಲ್ಲ ಅಂತ." ಹೇಳಿ ತಾನೇ ನಕ್ಕಳು. ಬುರ್ಗಿ ನಗಲಿಲ್ಲ. ಚೀಸಿನ ಚೂರುಗಳನ್ನು ಡಬ್ಬಿಗೆ ತುಂಬಿ ಮುಚ್ಚಳ ಒತ್ತಿದಳು.

ಪ್ರೊಫೆಸರ್ ಲೋಯ್ಡಲ್ ಈ ತಿಂಗಳ ಕೊನೆಗೆ ನಿವೃತ್ತರಾಗುವವರು. ಮನುಷ್ಯನ ಒಳ್ಳೆಯತನ ಎಲ್ಲಿಂದ ಬಂತು ಎಂದು ವಿಯೆನ್ನಾದ ಟೀವಿಯವರು ಒಂದು ಚಿತ್ರ ತೆಗೆಯುತ್ತಿದ್ದರು. ಅದರ ಕೊನೆಯ ದೃಶ್ಯಕ್ಕೆ ಪ್ರೊಫೆಸರು ಬೇಕು. ಬೆಟ್ಟದ ದೊಡ್ಡ ಕಾಗೆಯೊಂದಕ್ಕೆ ಅವರು ಬ್ರೆಡ್ಡಿನ ಚೂರು ಕೊಡುತ್ತಾರೆ, ಅದು ಅದನ್ನು ತಿನ್ನದೆ ಅವರ ಅಂಗೈಗೆ ಹಿಂದಿರುಗಿಸುತ್ತದೆ, ಅವರು ಬದಲಿಗೆ ಚೀಸು ಕೊಡುತ್ತಾರೆ. ಕೊಟ್ಟ ಮಾತಿಗೆ ತಪ್ಪದ ಮನುಷ್ಯ, ಅವನನ್ನು ನಂಬಿದ ಹಕ್ಕಿ. ನ್ಯಾಯವೆಂಬುದು ಪುಸ್ತಕದಿಂದ ಬಂದದ್ದಲ್ಲ, ಚರ್ಚಿನಿಂದ ಬಂದದ್ದಲ್ಲ, ಅದು ಮೈಯಲ್ಲೇ ಇತ್ತು, ನಮಗಿಂತ ಮೊದಲೇ ಇತ್ತು ಎಂದು ಆಗ ಅವರು ಕ್ಯಾಮೆರಾ ನೋಡಿ ಹೇಳುತ್ತಾರೆ. ಈ ಮಾತನ್ನು ಅವರು ಎಷ್ಟು ಸಲ ಹೇಳಿದ್ದರೆಂದರೆ ಬುರ್ಗಿಗೆ ಅದರ ಉಸಿರು ತೆಗೆದುಕೊಳ್ಳುವ ಜಾಗವೂ ಬಾಯಿಪಾಠವಾಗಿತ್ತು.

ಡಬ್ಬಿ ಹಿಡಿದು ಅಂಗಳ ದಾಟುವಾಗ ಕಾಲ ಕೆಳಗೆ ಜಲ್ಲಿ ಸದ್ದು ಮಾಡಿತು. ಆ ಸದ್ದಿಗೆ ಮುಸ್ಕಾಟ್ ಮೊದಲು ತಲೆಯೆತ್ತುತ್ತಿದ್ದಳು, ಒಂಬತ್ತು ವರ್ಷದ ಹಿಂದೆ. ಗಾಳಿಗೆ ಉರುಳಿದ ಮರದ ಗೂಡಿನಿಂದ ನಾಲ್ಕು ಮರಿಗಳು ಬಂದಿದ್ದವು, ಕಣ್ಣು ಕೂಡ ತೆರೆದಿರಲಿಲ್ಲ, ಬರೀ ಕೆಂಪು ಬಾಯಿಗಳು. ಸಾಂಬಾರ ಡಬ್ಬಿಗಳ ಮೇಲಿನ ಹೆಸರು ಓದಿ ರೇಸಿಯೇ ಅವಕ್ಕೆ ಹೆಸರಿಟ್ಟದ್ದು. ಮುಸ್ಕಾಟ್ ಎಂದರೆ ಜಾಯಿಕಾಯಿ. ನಸುಕಿನಿಂದ ಕತ್ತಲಾಗುವವರೆಗೆ ಇಪ್ಪತ್ತು ನಿಮಿಷಕ್ಕೊಮ್ಮೆ ತುತ್ತು ಕೊಡಬೇಕಿತ್ತು. ಬುರ್ಗಿ ಬುಟ್ಟಿಯನ್ನು ತನ್ನ ಕೋಣೆಯಲ್ಲೇ, ಮಂಚದ ಪಕ್ಕದಲ್ಲೇ ಇಟ್ಟುಕೊಂಡಿದ್ದಳು. ಮೂರು ಸತ್ತವು. ಉಳಿದ ಒಂದು ಅವಳ ಹೆಗಲೇರಿ ತಲೆಪಿನ್ನು ಒಂದೊಂದಾಗಿ ಕಿತ್ತು ಕಿವಿಯೊಳಗೆ ಬಚ್ಚಿಡಲು ನೋಡುತ್ತಿತ್ತು. ಗಂಡನಿಲ್ಲದ, ಮಕ್ಕಳಿಲ್ಲದ ಐವತ್ತು ದಾಟಿದ ಹೆಂಗಸಿನ ಕಿವಿಯೊಳಗೆ ಒಂದು ಕೊಕ್ಕು, ಎಷ್ಟು ಮೆತ್ತಗೆ ಎಂದರೆ, ಅದು ಮೂಳೆ ಒಡೆಯುವ ಕೊಕ್ಕೆಂದು ಯಾರೂ ನಂಬುತ್ತಿರಲಿಲ್ಲ. ಆಮೇಲೆ ಒಂದು ದಿನ ಪ್ರೊಫೆಸರು ಕಾಫಿ ಲೋಟ ಹಿಡಿದು ತಂತಿಮನೆಯ ಬಾಗಿಲಿಗೆ ಬಂದು ನಿಂತರು. ಒಳ್ಳೆಯ ಮಾತಾಡುವಾಗ ಅವರು ಯಾವಾಗಲೂ ಲೋಟ ಹಿಡಿದೇ ಬರುತ್ತಿದ್ದರು.

"ನೀನೇ ಮೋಸ ಮಾಡಬೇಕು ಬುರ್ಗಿ," ಎಂದಿದ್ದರು ಆಗ. "ಗುರುತಿಲ್ಲದೋರು ಮೋಸ ಮಾಡಿದ್ರೆ ಹಕ್ಕಿ ಹೆದರ್ತೋ ಸಿಟ್ಟಾಯ್ತೋ ಗೊತ್ತಾಗಲ್ಲ. ನಂಬಿದವರು ಮಾಡ್ಬೇಕು. ಎರಡೇ ದಿನ. ಆಮೇಲೆ ಮರ್ತುಬಿಡತ್ತೆ ಬಿಡು, ಹಕ್ಕಿ ಅಲ್ವಾ."

ಎರಡು ದಿನ. ಮುಸ್ಕಾಟ್ ಬ್ರೆಡ್ಡನ್ನು ತಂದು ಅವಳ ಅಂಗೈಯಲ್ಲಿಟ್ಟು ಕಾದಳು. ಬುರ್ಗಿ ಬ್ರೆಡ್ಡನ್ನು ತೆಗೆದುಕೊಂಡು, ಚೀಸನ್ನು ಅದರ ಕಣ್ಣೆದುರೇ ತನ್ನ ಬಾಯಿಗೆ ಹಾಕಿ, ಹೇಳಿಕೊಟ್ಟ ಹಾಗೆ ನಿಧಾನವಾಗಿ ಅಗಿದಳು. ಹಕ್ಕಿ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿತು, ಆಮೇಲೆ ಇನ್ನೊಂದು ಪಕ್ಕಕ್ಕೆ. ತಾನೇನೋ ತಪ್ಪು ಮಾಡಿರಬೇಕೆಂದುಕೊಂಡು ಎರಡನೆಯ ಬ್ರೆಡ್ಡನ್ನು ಇನ್ನೂ ಹತ್ತಿರ ತಂದು, ಬೆರಳುಗಳ ನಡುವೆಯೇ ಒತ್ತಿ ಇಟ್ಟಿತು. ಆ ಸಲದ ಚೀಸನ್ನೂ ಅವಳೇ ತಿಂದಳು. ಪ್ರೊಫೆಸರು ಮಾತ್ರ ಅದು ಹಿಂದಿರುಗಿಸಿದ ಬ್ರೆಡ್ಡಿಗೆಲ್ಲ ತಪ್ಪದೆ ಚೀಸು ಕೊಡುತ್ತಿದ್ದರು. ಎರಡನೆಯ ದಿನ ಸಂಜೆಯಿಂದ ಮುಸ್ಕಾಟ್ ಅವಳ ಕೈಯಿಂದ ಏನನ್ನೂ ಮುಟ್ಟಲಿಲ್ಲ. ಮರೆಯುತ್ತದೆ ಎಂದಿದ್ದ ಹಕ್ಕಿ ಮರೆಯಲಿಲ್ಲ. ಬುರ್ಗಿ ತಂತಿಮನೆ ತೊಳೆದಳು, ನೀರು ತುಂಬಿದಳು, ಅದರ ಉಗುರಿಗೆ ಹುಣ್ಣಾದಾಗ ಬಟ್ಟೆಯಲ್ಲಿ ಸುತ್ತಿ ಹಿಡಿದು ಔಷಧಿ ಹಚ್ಚಿದಳು, ಒಂಬತ್ತು ವರ್ಷ. ಆ ಹಕ್ಕಿ ಒಂಬತ್ತು ವರ್ಷವೂ ಅವಳು ಒಳಗೆ ಬಂದ ಕೂಡಲೇ ಮೇಲಿನ ಕೊಂಬೆಗೆ ಹೋಗಿ ಬೆನ್ನು ತಿರುಗಿಸಿ ಕೂತಿತು.

ಅದಾದರೂ ಹೋಗಲಿ. ಕೆಲಸವೆಂದರೆ ಕೆಲಸ. ಪ್ರೊಫೆಸರ ಪುಸ್ತಕ ಬಂದ ದಿನ ಸಭೆಯ ಕೋಣೆಯಲ್ಲಿ ಕೇಕು ಇಟ್ಟಿದ್ದರು. ಅವರು ನಿಂತು ಈ ಪ್ರಯೋಗದ ಅಧ್ಯಾಯವನ್ನೇ ಓದಿದರು. ಮೋಸ ಮಾಡುವ ಪಾತ್ರಕ್ಕೆ, ಎಂದು ಓದಿದರು, ಹಕ್ಕಿಗಳಿಗೆ ಮೊದಲಿಂದಲೂ ಅಷ್ಟಕ್ಕಷ್ಟೇ ಇದ್ದ ಒಬ್ಬ ಕೆಲಸದ ಹೆಂಗಸನ್ನು ಆರಿಸಿಕೊಂಡೆವು. ಬುರ್ಗಿಯ ಕೈಯಲ್ಲಿ ತಟ್ಟೆಯಿತ್ತು. ಕೋಣೆಯಲ್ಲಿ ಹನ್ನೊಂದು ಜನ ಇದ್ದರು, ಅವಳ ಮಂಚದ ಪಕ್ಕದ ಬುಟ್ಟಿಯನ್ನು ಕಣ್ಣಾರೆ ಕಂಡವರು. ಹನ್ನೊಂದು ಜನವೂ ತಮ್ಮ ತಮ್ಮ ತಟ್ಟೆಯ ಕೇಕನ್ನೇ ಅದರಲ್ಲಿ ಏನೋ ಬಿದ್ದಿದೆಯೆಂಬಂತೆ ನೋಡುತ್ತಿದ್ದರು. ಆಮೇಲೆ ಅವಳು ಪ್ರೊಫೆಸರ ಕೋಣೆಗೆ ಹೋಗಿ ಕೇಳಿದ್ದಳು, ಬಾಗಿಲಲ್ಲೇ ನಿಂತು. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ನೋಡು ಬುರ್ಗಿ, ನೀನು ಸಾಕಿದ್ದು ಅಂತ ಬರೆದ್ರೆ ಅದು ತಾಯಿ ಬಿಟ್ಟುಹೋದ ಸಂಕಟನೋ, ಅನ್ಯಾಯದ ಸಿಟ್ಟೋ ಅಂತ ಎಲ್ಲರೂ ಕೇಳ್ತಾರೆ. ಪ್ರಯೋಗ ಕೆಟ್ಟುಹೋಗತ್ತೆ. ಮೋಸ ಮಾಡೋರು, ಮಾಡದೋರು ಇಬ್ಬರೂ ಹಕ್ಕಿಗೆ ಒಂದೇ ಸಮ ಇರ್ಬೇಕು," ಎಂದರು. ತಾಯಿ ಎಂಬ ಮಾತನ್ನು ಅವರೇ ಆಡಿದರು. ಆಡಿ, ಅಳಿಸಿದರು. ಕಡೆಯ ಪುಟದಲ್ಲಿ, ತಂತಿ ಕೊಟ್ಟ ಅಂಗಡಿಯವನ ಹೆಸರಾದ ಮೇಲೆ ಅವಳ ಹೆಸರಿತ್ತು. ಮಾಂಸದ ಅಂಗಡಿಯಲ್ಲಿ ಊರಿನವರು, "ಹುಷಾರಪ್ಪಾ, ಚೀಸು ಮುಚ್ಚಿಡು, ಮೋಸಗಾತಿ ಬಂದ್ಲು," ಎಂದು ತಮಾಷೆ ಮಾಡುತ್ತಿದ್ದರು. ಅವಳೂ ನಗುತ್ತಿದ್ದಳು. ನಕ್ಕದ್ದಕ್ಕೆ ಮನೆಗೆ ಬಂದ ಮೇಲೆ ತನ್ನ ಮೇಲೇ ಹೇಸಿಕೆಯಾಗುತ್ತಿತ್ತು.

ಡಬ್ಬಿಯನ್ನು ತಂತಿಮನೆಯ ಹೊರಗಿನ ಕಟ್ಟೆಯ ಮೇಲಿಟ್ಟು ಬುರ್ಗಿ ಉಗ್ರಾಣದ ಬಾಗಿಲು ತೆಗೆದಳು. ಹಕ್ಕಿಗಳು ಮುಖದ ಗುರುತು ಹಿಡಿಯುತ್ತವೆಯೇ ಎಂದು ನೋಡಲು ಮಾಡಿಸಿದ್ದ ರಬ್ಬರಿನ ಮುಖವಾಡಗಳು ಮೊಳೆಗಳಿಗೆ ತೂಗುತ್ತಿದ್ದವು, ಯಾರ್ಯಾರದೋ ಆರು ಮುಖಗಳು. ಏಳನೆಯದು ಪ್ರೊಫೆಸರದು. ಅವರ ಅರವತ್ತಕ್ಕೆ ವಿದ್ಯಾರ್ಥಿಗಳು ತಮಾಷೆಗೆಂದು ನಾಟಕದವರ ಕೈಯಲ್ಲಿ ಮಾಡಿಸಿದ್ದು. ಅವರಿಗಿಂತ ಹತ್ತು ವರ್ಷ ಚಿಕ್ಕದು. ಪ್ರೊಫೆಸರು ವಿಯೆನ್ನಾದಲ್ಲಿದ್ದ ಇಪ್ಪತ್ತೊಂದು ದಿನ, ಯಾರೂ ಕೆಲಸಕ್ಕೆ ಬರುವ ಮುಂಚೆ, ಅವಳು ಅದನ್ನು ಹಾಕಿಕೊಂಡು, ಅವರ ಹಳೆಯ ಹಸಿರು ಕೋಟು ತೊಟ್ಟು, ಅವರ ಹಾಗೇ ಎಡಗಾಲು ಎಳೆಯುತ್ತ ಮುಸ್ಕಾಟಳ ಬಳಿಗೆ ಹೋಗಿದ್ದಳು.

ಮೊದಲ ದಿನವನ್ನು ನೆನೆಯಬಾರದೆಂದು ಅವಳು ತನಗೆ ತಾನೇ ಹೇಳಿಕೊಂಡಿದ್ದಳು, ಆದರೆ ಕೈ ನೆನೆಯುತ್ತಿತ್ತು. ಮುಖವಾಡದೊಳಗೆ ಅವಳ ಉಸಿರೇ ಅವಳಿಗೆ ಬಿಸಿಯಾಗಿ ಹೊಡೆಯುತ್ತಿತ್ತು, ರಬ್ಬರಿನ ಕಮಟು. ಕಣ್ಣಿನ ತೂತಿನಲ್ಲಿ ಹಕ್ಕಿ ಕೊಂಬೆಯಿಂದ ಇಳಿಯುವುದು ಕಂಡಿತು. ಬೆನ್ನು ತಿರುಗಿಸಲಿಲ್ಲ. ಒಂದು ಹಾರು, ಎರಡು ಹಾರು, ನೇರ ಅವಳ ಮುಂದೆ. ಬ್ರೆಡ್ಡು ಕೊಟ್ಟಳು. ಅದು ಬ್ರೆಡ್ಡನ್ನು ಕೊಕ್ಕಿನಲ್ಲಿ ತಿರುಗಿಸಿ, ಮುಂದೆ ಬಂದು, ಅವಳ ಅಂಗೈಯಲ್ಲಿ ಇಟ್ಟಿತು. ಒಂಬತ್ತು ವರ್ಷದ ಮೇಲೆ ಆ ಕೊಕ್ಕು ಅಂಗೈಗೆ ತಾಕಿತು, ಅದೇ ತಣ್ಣಗಿನ ಮೊನೆ, ಅದೇ ಜಾಗ್ರತೆ. ಗಂಟಲಿಂದ ಕುಲುಕುಲು ಎಂಬ ಸಣ್ಣ ಸದ್ದು ಮಾಡಿತು, ಮರಿಯಾಗಿದ್ದಾಗ ಮಾಡುತ್ತಿದ್ದ ಸದ್ದು. ಹಾಗೆಯೇ ಇರಬಹುದಿತ್ತು. ಚೀಸು ಕೊಟ್ಟು ಬಿಡಬಹುದಿತ್ತು, ದಿನಾ ಬೆಳಿಗ್ಗೆ ಈ ಮುಖ ಹಾಕಿಕೊಂಡು ಬಂದು, ಬೇರೆಯವರ ಮುಖದಲ್ಲಾದರೂ ಆ ಕೊಕ್ಕಿನ ತಣ್ಣನೆ ಮೊನೆಯನ್ನು ಅಂಗೈಯಲ್ಲಿ ಪಡೆಯಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಅವಳ ಕೈ ಅದಕ್ಕೇ ಹೋಗುತ್ತಿತ್ತು. ಆಗ, ಹಕ್ಕಿ ಹೀಗೆ ಸಲಿಗೆಯಿಂದ ಬಂದದ್ದು ಅವರ ಮುಖಕ್ಕೆ ಎಂಬುದು ಹೊಳೆದು, ಕಿಬ್ಬೊಟ್ಟೆಯಿಂದ ಬಿಸಿಯಾದದ್ದೇನೋ ಏರಿ ಬಂದು ಕೈಯನ್ನು ತಿರುಗಿಸಿತು. ಮುಖವಾಡದ ಬಾಯಿಯ ಸೀಳಿನೊಳಗೆ ಚೀಸನ್ನು ತುರುಕಿ ಅವಳು ಅಗಿದಳು. ಆ ಸಲ ಹೇಳಿಕೊಟ್ಟವರು ಯಾರೂ ಇರಲಿಲ್ಲ. ಹಕ್ಕಿ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿತು. ಮುಖವಾಡದೊಳಗೆ ಕಣ್ಣೀರು ಇಳಿದು ಗದ್ದದಲ್ಲಿ ನಿಂತುಕೊಂಡಿತು, ಒರೆಸಲು ದಾರಿಯಿರಲಿಲ್ಲ. ಮೂರನೆಯ ದಿನಕ್ಕೆ ಮುಸ್ಕಾಟ್ ಆ ಮುಖ ಕಂಡರೆ ಕಿರುಚುವುದಕ್ಕೆ ಶುರುಮಾಡಿದಳು. ಆದರೂ ಬುರ್ಗಿ ಬಿಡಲಿಲ್ಲ. ಕಿರುಚಿದ ಮೇಲೂ ಹದಿನೆಂಟು ದಿನ, ಆ ಮುಖವನ್ನು ಅದರ ಮೈಯೊಳಗೆ ಮೊಳೆ ಹೊಡೆದ ಹಾಗೆ ಹೊಡೆಯುತ್ತಲೇ ಹೋದಳು.

ಪಕ್ಕದ ತಂತಿಮನೆಯಿಂದ ಕಿಮ್ಮೆಲ್ ಎಂಬ ಮೂರು ವರ್ಷದ ಗಂಡುಹಕ್ಕಿ ಇದೆಲ್ಲವನ್ನೂ ದಿನವೂ ನೋಡುತ್ತಿತ್ತು. ಮುಗಿದ ಮೇಲೆ ಅವಳು ಅದೇ ಮುಖವಾಡದಲ್ಲಿ ಅದರ ಬಳಿಗೂ ಹೋಗಿ ಬ್ರೆಡ್ಡು ನೀಡುತ್ತಿದ್ದಳು. ನೀಡಬೇಕಾದ್ದೇನೂ ಇರಲಿಲ್ಲ, ಇಪ್ಪತ್ತೆಂಟು ವರ್ಷದ ಅಭ್ಯಾಸ. ನೋಡುತ್ತಿದ್ದ ಹಕ್ಕಿಯನ್ನು ಕೊನೆಗೆ ಬ್ರೆಡ್ಡು ನೀಡಿ ಕೇಳಬೇಕು ಎಂದು ಪ್ರೊಫೆಸರೇ ಕಲಿಸಿದ್ದರು. ತನಗೆ ಮೋಸವಾದರೆ ಸಿಟ್ಟಾಗುವುದು ಇಲಿಗೂ ಬರುತ್ತದೆ, ಎನ್ನುತ್ತಿದ್ದರು ಅವರು. ಇನ್ನೊಬ್ಬರಿಗೆ ಆದ ಮೋಸವನ್ನು ಕಂಡು, ತನಗೇನೂ ನಷ್ಟವಿಲ್ಲದಿದ್ದರೂ, ಒಂದು ಹಕ್ಕಿ ಆ ಮನುಷ್ಯನ ಕೈಯನ್ನು ಬೇಡವೆನ್ನಲಿ, ನೀತಿಯ ಬೇರು ಸಿಕ್ಕಿತು ಅಂತ ಅವತ್ತು ಹೇಳುತ್ತೇನೆ. ಮೂವತ್ತು ವರ್ಷ ಅದಕ್ಕಾಗಿ ಕಾದರು. ಒಂದು ಹಕ್ಕಿಯೂ ಬೇಡವೆನ್ನಲಿಲ್ಲ. ಕಿಮ್ಮೆಲೂ ಅಷ್ಟೆ. ಇಪ್ಪತ್ತೊಂದು ದಿನವೂ ಮುಸ್ಕಾಟ್ ಆಚೆ ಕಿರುಚುತ್ತಿರುವಾಗಲೇ ಕುಣಿದುಕೊಂಡು ಬಂದು, ಬ್ರೆಡ್ಡು ಕೊಟ್ಟು, ಚೀಸು ನುಂಗಿ, ಇನ್ನೂ ಇದೆಯೇ ಎಂದು ಕೋಟಿನ ಜೇಬು ನೋಡುತ್ತಿತ್ತು. ಅದನ್ನು ಕಂಡಾಗೆಲ್ಲ ಬುರ್ಗಿಗೆ ಆ ಕೇಕಿನ ತಟ್ಟೆಗಳು ಕಾಣುತ್ತಿದ್ದವು.

ಹತ್ತೂವರೆಗೆ ಕಾರುಗಳು ಬಂದವು. ಗುಂಡುಲಾ ಎಂಬ ಟೀವಿಯ ಹೆಂಗಸು ಎತ್ತರದ ಮೈಕಟ್ಟಿನವಳು, ಎಲ್ಲರ ಕೈಯನ್ನೂ ಕುಲುಕಿದಳು, ಬುರ್ಗಿಯ ಕೈಯನ್ನೂ. ಆಮೇಲೆ ತನ್ನ ಅಂಗೈಯನ್ನು ಕರವಸ್ತ್ರಕ್ಕೆ ಒರೆಸಿಕೊಂಡಳು. ಪ್ರೊಫೆಸರು ಹೊಸ ಹಸಿರು ಕೋಟು ತೊಟ್ಟಿದ್ದರು. ಮುದಿಯಾಗಿದ್ದರು, ಆದರೆ ಮೂಗು, ಹುಬ್ಬು, ಬಾಯ ಪಕ್ಕದ ಆ ಎರಡು ಗೆರೆ ಎಲ್ಲ ಹಾಗೇ ಇದ್ದವು. ಬುರ್ಗಿ ಆ ಮುಖವನ್ನು ಸಾಮಾನು ಕೊಳ್ಳುವವಳಂತೆ ನೋಡಿದಳು.

"ಏನು ಬುರ್ಗಿ, ಹೊಸ ಬೂಟು ಹಾಕ್ಕೊಂಡಿದೀಯ? ಡಾನ್ಸಿಗೆ ಹೊರಟ್ಯಾ?"

"ನೀವು ಕರೆದ್ರೆ ಬರ್ತೀನಿ ಪ್ರೊಫೆಸರ್ರೇ."

"ನೋಡಿದ್ರಾ," ಎಂದರು ಅವರು ಗುಂಡುಲಾಳಿಗೆ, "ಇವಳೇ ನಮ್ಮ ಮೋಸಗಾತಿ. ಪುಸ್ತಕದಲ್ಲಿ ಬರ್ತಾಳೆ. ಆದ್ರೆ ಚಿನ್ನದಂಥ ಮನುಷ್ಯಳು, ಹೆದರ್ಕೋಬೇಡಿ."

ಗುಂಡುಲಾ ನಕ್ಕಳು. ಕ್ಯಾಮೆರಾದವನೂ ನಕ್ಕ. ಬುರ್ಗಿಯೂ ನಕ್ಕಳು, ಈ ಸಲ ಹೇಸಿಕೆಯಾಗಲಿಲ್ಲ. ಚೀಸಿನ ಡಬ್ಬಿಯನ್ನು ಪ್ರೊಫೆಸರ ಕೈಗೆ ಕೊಟ್ಟಳು. ತಾನು ನೀರಿನ ತೊಟ್ಟಿಯ ಪಕ್ಕ ಹೋಗಿ, ಎಲ್ಲ ಕಾಣುವಂತೆ ನಿಂತಳು.

ಪ್ರೊಫೆಸರು ಒಳಗೆ ಹೋಗಿ ಎರಡು ಹೆಜ್ಜೆ ಇಟ್ಟರು, ಅಷ್ಟೆ. ಮುಸ್ಕಾಟ್ ಮೇಲಿನ ಕೊಂಬೆಯಿಂದ ಕಿರುಚಿದಳು. ಅದು ಬರೀ ಕೂಗಲ್ಲ, ಮರಿಗಳ ಗೂಡಿಗೆ ಕೈಯಿಟ್ಟವನ ಮೇಲೆ ಕೂಗುವಂಥ ಕೂಗು. ಕತ್ತಿನ ಗರಿಯೆಲ್ಲ ನಿಮಿರಿ ಹಕ್ಕಿ ಎರಡರಷ್ಟಾಯಿತು. ಪ್ರೊಫೆಸರು ನಗುತ್ತ ಬ್ರೆಡ್ಡು ಚಾಚಿದರು. ಅದು ಮೇಲಿಂದ ಅವರ ಮುಖದ ಮಟ್ಟಕ್ಕೆ ಎರಗಿ ಬಂದು, ಟೋಪಿಗೆ ರೆಕ್ಕೆ ಬಡಿದು ಹಾರಿತು. ಟೋಪಿ ಹಿಕ್ಕೆಯ ಮೇಲೆ ಬಿತ್ತು. "ಬಾ ಮುಸ್ಕಾಟ್, ಬಾ ಚಿನ್ನ, ನಾನು ಕಣೆ," ಎಂದರು ಅವರು. ದನಿ ಮಗುವನ್ನು ಕರೆದ ಹಾಗಿತ್ತು. ಕೂಗು ಇನ್ನೂ ಜೋರಾಯಿತು. ಪಕ್ಕದ ಕಿಮ್ಮೆಲ್ ಬೆದರಿ ಮೂಲೆ ಹಿಡಿಯಿತು. ಕ್ಯಾಮೆರಾ ತಿರುಗುತ್ತಲೇ ಇತ್ತು.

"ಇವತ್ತು ನಿಮ್ಮ ಗುರುತೇ ಸಿಕ್ತಿಲ್ವೇನೋ ಅದಕ್ಕೆ?" ಎಂದಳು ಗುಂಡುಲಾ, ಮರ್ಯಾದೆಯಿಂದಲೇ.

ಚಾಚಿದ ಆ ಕೈ. ಅದು ಹಿಂದಕ್ಕೂ ಬಾರದೆ ಮುಂದಕ್ಕೂ ಹೋಗದೆ ಗಾಳಿಯಲ್ಲಿ ನಿಂತಿತ್ತು. ಅವರ ಕಿವಿಯ ತುದಿಗಳು ಕೆಂಪಾಗಿದ್ದವು. ಬುರ್ಗಿಗೆ ಸುಖ ಕಾಲಿನಿಂದ ಏರಿತು, ಚಳಿಯಲ್ಲಿ ಬಿಸಿನೀರಿಗೆ ಕಾಲಿಟ್ಟ ಹಾಗೆ. ಮಂಡಿಗೆ, ಸೊಂಟಕ್ಕೆ, ಎದೆಗೆ. ಇದು ಎಲ್ಲಿಂದ ಬಂದದ್ದೆಂದು ಯಾರೂ ಅವಳಿಗೆ ಕಲಿಸಬೇಕಾಗಿರಲಿಲ್ಲ. ಇನ್ನೊಂದು ನಿಮಿಷ, ಎಂದುಕೊಂಡಳು, ದೇವರೇ, ಇನ್ನೊಂದೇ ನಿಮಿಷ ಆ ಕೈ ಹಾಗೇ ಇರಲಿ.

ಇರಲಿಲ್ಲ. ಪ್ರೊಫೆಸರು ಕೈಯಿಳಿಸಿ ಹಕ್ಕಿಯನ್ನು ನೋಡಿದರು. ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಕೂಗು ಇಳಿಯಿತು. ಮತ್ತೆ ಹಕ್ಕಿಯ ಕಡೆ ತಿರುಗಿದರು, ಕೂಗು ಏರಿತು. ತೋಳಿನಿಂದ ಮುಖ ಮುಚ್ಚಿಕೊಂಡು ನಾಲ್ಕು ಹೆಜ್ಜೆ ನಡೆದರು. ಮುಸ್ಕಾಟ್ ಬರೀ ಗೊಣಗಿದಳು. ತೋಳು ತೆಗೆದರು, ಕಿರುಚಿದಳು. ಮೂರು ಸಲ ಹಾಗೆ ಮಾಡಿದರು. ಬುರ್ಗಿಗೆ ಆ ಬೆನ್ನು ಗೊತ್ತಿತ್ತು. ಉತ್ತರ ಹತ್ತಿರ ಬಂದಾಗ ಅವರ ಭುಜ ಹಾಗೆ ಮೇಲೇಳುತ್ತಿತ್ತು. ಅವಳ ಎದೆಯ ಬಿಸಿನೀರು ಅಲ್ಲೇ ತಣ್ಣಗಾಗತೊಡಗಿತು.

ಅವರು ಹೊರಗೆ ಬಂದು, ಕ್ಯಾಮೆರಾದವನಿಗೆ ಕೈಯಲ್ಲೇ ನಿಲ್ಲೆಂದು ಹೇಳಿ, ನೇರ ತೊಟ್ಟಿಯ ಬಳಿ ಬಂದು ಅವಳ ಮೊಣಕೈ ಹಿಡಿದರು.

"ನನ್ನ ಮುಖವಾಡ ಹಾಕ್ಕೊಂಡ್ಯಾ?"

ಬೈಗುಳಕ್ಕೆ ಅವಳು ಸಿದ್ಧವಾಗಿದ್ದಳು. ಬೈಗುಳವನ್ನು ಮೂರು ವಾರದಿಂದ ಹಬ್ಬದ ಹಾಗೆ ಕಾದಿದ್ದಳು.

"ಎಷ್ಟು ದಿನ?" ಎಂದರು ಅವರು. ಸಿಟ್ಟಿರಲಿಲ್ಲ. ಕಣ್ಣು ಮಿಂಚುತ್ತಿದ್ದವು. "ಹೇಳೇ. ಎಷ್ಟು ದಿನ ಮಾಡ್ದೆ?"

"ಇಪ್ಪತ್ತೊಂದು."

"ಇಪ್ಪತ್ತೊಂದು! ಬರೀ ಮುಖ. ಒಂಬತ್ತು ವರ್ಷದ ನಂಬಿಕೇನ ಬರೀ ಒಂದು ಮುಖ ಅಳಿಸಿ ಹಾಕ್ತು. ಬುರ್ಗಿ, ಇದು ಏನು ಅಂತ ನಿಂಗೆ ಗೊತ್ತಾ? ಯಾಕೆ ಮಾಡ್ದೆ ಅಂತ ನಾನು ಕೇಳಲ್ಲ, ಗೊತ್ತು ನಂಗೆ, ಹಳೇ ಸಿಟ್ಟು. ಇರಲಿ. ಸಿಟ್ಟಿಗೆ ಮಾಡಿದ್ರೇನು, ಎಷ್ಟು ಚೊಕ್ಕವಾಗಿ ಮಾಡಿದೀಯ!" ಮೊಣಕೈಯನ್ನು ಅಲುಗಿಸಿದರು. ಅವಳ ಸೇಡನ್ನು ಅವರು ಆಗಲೇ ಜೇಬಿಗೆ ಹಾಕಿಕೊಂಡಾಗಿತ್ತು. ಸಂಜೆಯೊಳಗೆ ಅದಕ್ಕೊಂದು ತಲೆಬರಹ ಇಡುತ್ತಾರೆ, ಮುಂದಿನ ವರ್ಷ ಎಲ್ಲೋ ನಿಂತು ಓದುತ್ತಾರೆ, ಜನ ಕೇಕು ತಿನ್ನುತ್ತ ಕೇಳುತ್ತಾರೆ. ಮುಸ್ಕಾಟಳ ಕೊಕ್ಕು, ಗದ್ದದಲ್ಲಿ ನಿಂತ ಕಣ್ಣೀರು, ಎಲ್ಲ ಅವರಿಗೇ ಹೋಯಿತು. ಬುರ್ಗಿಗೆ ಕೂತುಬಿಡಬೇಕೆನಿಸಿತು.

ಆಗ ಅವರು ದನಿ ತಗ್ಗಿಸಿದರು. "ಬುರ್ಗಿ. ಕಿಮ್ಮೆಲ್ ನೋಡ್ತಿದ್ನಾ?"

"ನೋಡ್ತಿದ್ದ."

"ಅವನಿಗೆ ಮೋಸ ಮಾಡಿಲ್ಲ ತಾನೇ ನೀನು?"

"ಇಲ್ಲ. ಒಂದು ಸಲಾನೂ ಇಲ್ಲ."

"ಕೊನೇಲಿ ಕೇಳಿದ್ಯಾ ಅವನನ್ನ? ನಾನು ಹೇಳಿಕೊಟ್ಟ ಹಾಗೆ?"

ಇಪ್ಪತ್ತೆಂಟು ವರ್ಷದಲ್ಲಿ ಅವಳು ಒಂದು ಅಂಕಿಯನ್ನೂ ತಿದ್ದಿದವಳಲ್ಲ. ಹಕ್ಕಿ ಬಾರದಿದ್ದರೆ ಬರಲಿಲ್ಲ, ಬಂದರೆ ಬಂತು. ವಿದ್ಯಾರ್ಥಿಗಳು ಸಂಜೆ ಬೇಗ ಹೋಗಬೇಕೆಂದು ಒಂದೆರಡು ಗೆರೆ ಸುಮ್ಮನೆ ಎಳೆದರೆ ಅವಳು ಹಿಂದೆ ಬಿದ್ದು ಅಳಿಸುತ್ತಿದ್ದಳು. ತನಗೆ ಓದಿಲ್ಲ, ಪದವಿಯಿಲ್ಲ, ಇದೊಂದಿದೆ ಎಂದುಕೊಂಡು ಬದುಕಿದ್ದಳು. ತಂತಿಯಾಚೆ ಕಿಮ್ಮೆಲ್ ಇನ್ನೂ ಮೂಲೆಯಲ್ಲೇ ಮುದುಡಿ ಕೂತಿತ್ತು, ಮುಸ್ಕಾಟಳ ಕೂಗಿಗೆ ಬೆದರಿ. ಪ್ರೊಫೆಸರೂ ಅದನ್ನೇ ನೋಡುತ್ತಿದ್ದರು. ಎಪ್ಪತ್ತು ದಾಟಿದ ಮನುಷ್ಯನ ಬಾಯಿ ಚೂರು ತೆರೆದುಕೊಂಡಿತ್ತು, ಬುಟ್ಟಿಯೊಳಗಿನ ಮರಿಗಳ ಹಾಗೆ.

"ಕೇಳಿದೆ," ಎಂದಳು ಬುರ್ಗಿ. "ಬರಲಿಲ್ಲ ಅವನು."

"ಬರಲಿಲ್ವಾ?"

"ಮೊದಲು ಬರ್ತಿದ್ದ. ಐದನೇ ದಿನದಿಂದ ನಿಮ್ಮ ಮುಖ ಕಂಡ್ರೆ ಬೆನ್ನು ತಿರುಗಿಸ್ಕೊಂಡು ಕೂತ್ಕೊಳ್ತಿದ್ದ. ಚೀಸು ತೋರಿಸಿದ್ರೂ ಬರ್ತಿರಲಿಲ್ಲ."

ಅವರು ಅವಳ ಕೈ ಬಿಟ್ಟು ತೊಟ್ಟಿಯ ಅಂಚನ್ನು ಹಿಡಿದುಕೊಂಡರು. ಆಮೇಲೆ ಮುಖಕ್ಕೆ ನೀರು ಹಾಕಿಕೊಂಡು, ಕ್ಯಾಮೆರಾದ ಮುಂದೆ ಹೋದರು. ಆಗ ಅವರು ಹೇಳಿದ್ದೆಲ್ಲ ತೊಟ್ಟಿಯ ಬಳಿಗೆ ಕೇಳಿಸುತ್ತಿತ್ತು. ನೀವೀಗ ನೋಡಿದ್ದು ಸೋಲಲ್ಲ, ಎಂದರು. ಇಲ್ಲಿ ಸದ್ದಿಲ್ಲದೆ ಒಂದು ಪ್ರಯೋಗ ನಡೆಯುತ್ತಿತ್ತು, ನನ್ನ ಮುಖವನ್ನೇ ನಾವು ಅಪರಾಧಿ ಮಾಡಿದ್ದೆವು. ಆ ಮೂಲೆಯ ಹಕ್ಕಿಯನ್ನು ನೋಡಿ. ಅದಕ್ಕೆ ಯಾರೂ ಏನೂ ಮಾಡಿಲ್ಲ, ಅದು ನೋಡಿದೆ ಅಷ್ಟೆ. ಮೂವತ್ತು ವರ್ಷ ಇದಕ್ಕಾಗಿ ಕಾದಿದ್ದೇನೆ. ಗುಂಡುಲಾಳ ಕಣ್ಣು ಒದ್ದೆಯಾಗಿದ್ದವು. ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಪ್ರೊಫೆಸರು ಈ ಸಲ ಉಸಿರು ತೆಗೆದುಕೊಳ್ಳುವುದನ್ನೇ ಮರೆತರು. ಹೇಳಿಬಿಟ್ಟರು, ಎಂದುಕೊಂಡಳು ಬುರ್ಗಿ. ಅಂಕಿ ನೋಡದೆ ಹೇಳಿಬಿಟ್ಟರು. ಇನ್ನು ಹಿಂದೆಗೆಯಲಾರರು.

ಕಾರುಗಳು ಹೋದ ಮೇಲೆ ಅವರು ಅಡುಗೆಮನೆಗೆ ಬಂದರು, ಕಾಫಿ ಲೋಟ ಹಿಡಿದು. "ದಿನದಿನದ್ದೂ ಬರೆದುಕೊಡು ಬುರ್ಗಿ, ಎರಡೂ ಹಕ್ಕೀದು. ಈ ಸಲ ನಿನ್ನ ಹೆಸರು ಕೊನೇ ಪುಟದಲ್ಲಲ್ಲ, ನನ್ನ ಪಕ್ಕದಲ್ಲೇ ಬರತ್ತೆ. ಮಾತು ಕೊಡ್ತೀನಿ."

ಒಂಬತ್ತು ವರ್ಷದಲ್ಲಿ ಎಷ್ಟು ಸಲ ಅದನ್ನು ಅಚ್ಚಿನಲ್ಲಿ ಕಲ್ಪಿಸಿಕೊಂಡಿದ್ದಳು, ಇಡೀ ಹೆಸರು, ವಾಲ್‌ಬುರ್ಗಾ ಸ್ಟಾಡ್ಲೋಬರ್. ಎರಡು ವರ್ಷವೋ ಮೂರೋ, ಆಮೇಲೆ ಬೇರೆ ಯಾವುದೋ ಊರಿನವರು ಇದನ್ನೇ ಮಾಡಿ ನೋಡುತ್ತಾರೆ, ನೋಡುತ್ತಿದ್ದ ಹಕ್ಕಿಗಳು ಕುಣಿದುಕೊಂಡು ಬರುತ್ತವೆ, ಒಂದಲ್ಲ, ಎಲ್ಲವೂ. ಆಗ ಅಂಕಿ ಸುಳ್ಳೆಂದು ಕಾಗದ ಬರುತ್ತದೆ, ಹೆಸರಿದ್ದವರಿಗೆ.

"ನಿಮ್ಮ ಹೆಸರೊಂದೇ ಇರಲಿ ಪ್ರೊಫೆಸರ್ರೇ," ಎಂದಳು. "ನಂದು ಯಾಕೆ ಅದರಲ್ಲಿ. ನಾನು ಕೆಲಸದವಳು."

ಅವರು ಅವಳ ತಲೆಯ ಮೇಲೆ ಒಂದು ಕ್ಷಣ ಕೈಯಿಟ್ಟು ಹೊರಟುಹೋದರು.

ಊಟವಾದ ಮೇಲೆ ಮೇಜು ಒರೆಸಿ, ಬುರ್ಗಿ ಗೆರೆಯ ಹಾಳೆ ಹರಡಿಕೊಂಡು ಕೂತಳು. ಮುಸ್ಕಾಟಳದನ್ನು ಇದ್ದದ್ದು ಇದ್ದ ಹಾಗೆ ಬರೆದಳು. ಕಿಮ್ಮೆಲ್‌ನ ಸಾಲಿಗೆ ಬಂದಾಗ ಸ್ವಲ್ಪ ನಿಂತಳು. ಮೊದಲ ನಾಲ್ಕು ದಿನ ಬಂತು. ಐದನೆಯ ದಿನ ಇಲ್ಲ. ಆರನೆಯ ದಿನ ಇಲ್ಲ. ಒಂಬತ್ತನೆಯ ದಿನ ಒಂದು ಸಲ ಬಂತು ಎಂದು ಹಾಕಿದಳು. ಒಂದೂ ತಪ್ಪದ ಸಾಲನ್ನು ಯಾರೂ ನಂಬುವುದಿಲ್ಲವೆಂದು ಅವಳಿಗೆ ಕಲಿಸಿದವರು ಅವರೇ. ಅಕ್ಷರ ದುಂಡಗೆ ಬಂದವು.

ಬಟ್ಟಲು ಒರೆಸುತ್ತಿದ್ದ ರೇಸಿ ಅವಳ ಹೆಗಲ ಮೇಲಿಂದ ಬಗ್ಗಿ ಓದಿದಳು, ತುಟಿ ಅಲುಗಿಸುತ್ತ.

"ಕಿಮ್ಮೆಲ್ ಬರ್ತಿದ್ದನಲ್ಲೇ," ಎಂದಳು. "ದಿನಾ ಬರ್ತಿದ್ದ. ಈ ಕಿಟಕೀಲಿ ನಿಂತು ನಾನೇ ನೋಡಿದೀನಿ. ದೆವ್ವದ ಜೇಬಿಗೇ ಕೊಕ್ಕು ಹಾಕ್ತಿದ್ದ."

ಬುರ್ಗಿ ತಲೆಯೆತ್ತಿ ಅವಳನ್ನು ನೋಡಿದಳು. ಸುರುಳಿ ಹಾಕಿಸಿಕೊಂಡ ಕೂದಲಿನ ಕೆಳಗೆ ರೇಸಿಯ ಮುಖ ಮೊದಲು ಏನೋ ಕೇಳಲು ಹೊರಟಿತು, ಆಮೇಲೆ ಬಿಟ್ಟಿತು. ಅವಳು ಒದ್ದೆ ಬಟ್ಟೆಯನ್ನು ಹಿಂಡಿ, ಇನ್ನೊಂದು ಬಟ್ಟಲು ತೆಗೆದುಕೊಂಡು, ಅದರ ತಳವನ್ನು ಬಹಳ ಹೊತ್ತು ಒರೆಸಿದಳು.

"ಸಂಜೆಗೆ ಸೂಪು ಮಾಡ್ತೀನಿ," ಎಂದಳು ಕೊನೆಗೆ. "ಲಿವರ್ ಉಂಡೆ ಹಾಕಿ. ತಿಂತೀಯ ತಾನೇ?"

"ತಿಂತೀನಿ," ಎಂದು ಬುರ್ಗಿ ಹತ್ತನೆಯ ದಿನಕ್ಕೆ ಗೆರೆ ಎಳೆದಳು.